ಬಿಲದ ನಾಯಿ, ಬಯಲಿನ ಬಹುಮಾನ

ಇಂಗ್ಲೆಂಡಿನ ನಾಯಿಪ್ರದರ್ಶನಗಳಲ್ಲಿ ಒಂದು ದೃಶ್ಯವುಂಟು. ತೀರ್ಪುಗಾರನು ಪುಟ್ಟ ಬಿಳಿಯ ಟೆರಿಯರ್ ನಾಯಿಯ ಹಿಂದೆ ನಿಂತು, ಅದರ ಮುಂಗಾಲುಗಳನ್ನು ತುಸು ಮೇಲೆತ್ತಿ, ಭುಜಗಳ ಹಿಂಬದಿಯಲ್ಲಿ ಎದೆಯನ್ನು ಎರಡು ಕೈಗಳಿಂದ ಬಳಸಿ ಹಿಡಿಯುತ್ತಾನೆ. ಮೇಲೆ ಹೆಬ್ಬೆರಳುಗಳೂ ಕೆಳಗೆ ಉಳಿದ ಬೆರಳುಗಳೂ ಒಂದಕ್ಕೊಂದು ತಾಗಬೇಕು. ತಾಗದಿದ್ದರೆ ಎದೆ ದೊಡ್ಡದಾಯಿತು. ಅಂಥ ನಾಯಿ ನರಿಯ ಬಿಲವನ್ನು ಹೊಗಲಾರದು. ಎಷ್ಟೋ ಅಂದಚೆಂದಗಳ ವಿಚಾರಣೆಯ ನಡುವೆ ಈ ಅಳತೆಯೊಂದು ನೆಲದಡಿಯಿಂದ ಬಂದದ್ದು. ಉಳಿದವುಗಳಲ್ಲಿ ಬಹಳಷ್ಟು ಕಣ್ಣಿನ ಚಪಲವೆಂದೇ ನನ್ನ ಭಾವನೆ.

ಟೆರಿಯರ್ ಎಂಬ ಹೆಸರೇ ನೆಲವೆಂಬ ಅರ್ಥದ ಲ್ಯಾಟಿನ್ ಮೂಲದಿಂದ ಬಂದುದು. ಹೌಂಡುಗಳು ಅಟ್ಟಿದ ನರಿ ಬಿಲ ಹೊಕ್ಕಾಗ, ಹಿಂದೆಯೇ ನುಗ್ಗಿ, ಬೊಗಳಿ, ಅದನ್ನು ಹೊರಡಿಸುವುದು ಇದರ ಕೆಲಸ. ಒಳಗೇ ಕೊಂದರೆ ಆಟ ಮುಗಿಯಿತು. ಆದುದರಿಂದ ಕೆಚ್ಚಿನಷ್ಟೇ ಸಂಯಮವೂ ಬೇಕು. ಬಿಳಿಯ ಬಣ್ಣಕ್ಕೂ ಕಾರಣವುಂಟು: ಮಣ್ಣು ಮೆತ್ತಿಕೊಂಡು ಹೊರಬಂದ ಟೆರಿಯರನ್ನು ಹೌಂಡುಗಳು ನರಿಯೆಂದು ಭ್ರಮಿಸಬಾರದು. 1819ರಲ್ಲಿ ಆಕ್ಸ್‌ಫರ್ಡಿನ ವಿದ್ಯಾರ್ಥಿಯಾಗಿದ್ದ ಜಾನ್ ರಸೆಲ್ ಎಂಬಾತನು ಹಾಲು ಮಾರುವವನೊಬ್ಬನಿಂದ ಟ್ರಂಪ್ ಎಂಬ ಹೆಣ್ಣುನಾಯಿಯನ್ನು ಕೊಂಡು, ಅದನ್ನೇ ತನ್ನ ತಳಿಗೆ ಮೂಲವಾಗಿಸಿದನು. ಮುಂದೆ ಡೆವನ್ ಪ್ರಾಂತದಲ್ಲಿ ಪಾದ್ರಿಯಾದ ಈತ, 1873ರಲ್ಲಿ ಹುಟ್ಟಿದ ಕೆನೆಲ್ ಕ್ಲಬ್ಬಿನ ಆರಂಭದ ಸದಸ್ಯರಲ್ಲೊಬ್ಬ. ಪ್ರದರ್ಶನದಲ್ಲಿ ತೀರ್ಪು ಹೇಳಿದವನೂ ಹೌದು. ಆದರೂ ತಾನು ನಾಯಿ ಸಾಕಿದ್ದು ಬೇಟೆಗಾಗಿ.

ಪ್ರದರ್ಶನದ ಕೈಗೆ ಸಿಕ್ಕ ಫಾಕ್ಸ್ ಟೆರಿಯರಿನ ತಲೆ ನೀಳವಾಯಿತು, ಎದೆ ಆಳವಾಯಿತು, ಹೆಗಲು ನೆಟ್ಟಗಾಯಿತು. ಚಿತ್ರಕ್ಕೆ ಸೊಗಸು, ಬಿಲಕ್ಕೆ ಅಡ್ಡಿ. ಯಾರೂ ಕೆಡಿಸಬೇಕೆಂದು ಕೆಡಿಸಿದ್ದಲ್ಲ. ಸಮಾನವಾದ ಎರಡರಲ್ಲಿ ಕೊಂಚ ನೀಳತಲೆಯದು ಗೆದ್ದಿತು. ಗೆದ್ದುದರ ಮರಿಗಳಿಗೆ ಬೆಲೆ ಬಂತು. ಮುಂದಿನ ವರ್ಷ ಇನ್ನೂ ಕೊಂಚ. ಈ 'ಕೊಂಚ'ಕ್ಕೆ ಹೆದರಿಯೇ, 1974ರಲ್ಲಿ ಸ್ಥಾಪಿತವಾದ ಬ್ರಿಟನ್ನಿನ ಜ್ಯಾಕ್ ರಸೆಲ್ ಟೆರಿಯರ್ ಕ್ಲಬ್ಬು ಕೆನೆಲ್ ಕ್ಲಬ್ಬಿನ ಮನ್ನಣೆಯನ್ನು ವಿರೋಧಿಸಿತು. ಮನ್ನಣೆ ಬಂದೇ ಬಂತು: ಉದ್ದಗಾಲಿನ ಪಾರ್ಸನ್ ರಸೆಲ್‌ಗೆ 1990ರಲ್ಲಿ, ಗಿಡ್ಡಗಾಲಿನ ಜ್ಯಾಕ್ ರಸೆಲ್‌ಗೆ 2016ರಲ್ಲಿ.

ಅಮೆರಿಕದಲ್ಲಿ 1976ರಲ್ಲಿ ಹುಟ್ಟಿದ ಇಂಥದೇ ಕ್ಲಬ್ಬಿನ ರೀತಿ ನನಗೆ ಬಹಳ ಮೆಚ್ಚಿಗೆ. ಅದು ಮರಿಯನ್ನು ಹುಟ್ಟಿದೊಡನೆ ದಾಖಲಿಸಿಕೊಳ್ಳುವುದಿಲ್ಲ. ವರ್ಷ ತುಂಬಿ, ಪಶುವೈದ್ಯರ ಪ್ರಮಾಣಪತ್ರ ಬಂದ ಮೇಲೆ, ಒಂದೊಂದನ್ನೂ ಬಿಡಿಬಿಡಿಯಾಗಿ ನೋಡಿ ಸೇರಿಸಿಕೊಳ್ಳುತ್ತದೆ. ವಂಶಾವಳಿ ಕೇಳುತ್ತಾರೆ, ಆದರೆ ಅದೊಂದೇ ಸಾಲದು. ಕುಲಕ್ಕಿಂತ ಗುಣ ದೊಡ್ಡದೆಂದು ಶಾಲೆಯ ಗೋಡೆಯ ಮೇಲೆ ಬರೆಸುವ ನಾವು, ಅದನ್ನು ನಿಯಮವಾಗಿಸಿದವರು ನಾಯಿ ಸಾಕುವವರೆಂದು ತಿಳಿದರೆ ತುಸು ನಾಚಬೇಕಾದೀತು.

ಹಾಗಾದರೆ ಬೇಟೆ ಉಳಿಯಲೆಂದು ನನ್ನ ವಾದವೇ? ಅಲ್ಲ. 2004ರ ಬೇಟೆ ಕಾಯಿದೆ 2005ರ ಫೆಬ್ರವರಿಯಿಂದ ಇಂಗ್ಲೆಂಡ್, ವೇಲ್ಸ್‌ಗಳಲ್ಲಿ ಜಾರಿಯಲ್ಲಿದೆ. ಗುಂಡಿನ ಬೇಟೆಗೆಂದು ಸಾಕಿದ ಹಕ್ಕಿಗಳ ರಕ್ಷಣೆಗಾಗಿ, ನೆಲದ ಒಡೆಯನ ಲಿಖಿತ ಅನುಮತಿಯೊಡನೆ, ಒಂದೇ ಒಂದು ನಾಯಿಯನ್ನು ಬಿಲಕ್ಕಿಳಿಸಬಹುದು, ಅವಕಾಶ ಅಷ್ಟೇ. ಕತ್ತಲ ಬಿಲದಲ್ಲಿ ಎರಡು ಪ್ರಾಣಿಗಳು ಪಡುವ ಪಾಡನ್ನು ನೆನೆದರೆ, ಆ ಕಾಯಿದೆಗಾಗಿ ಕಣ್ಣೀರಿಡಲು ನನ್ನಿಂದಾಗದು. ಆದರೆ ಕೆಲಸ ಹೋದ ಮೇಲೆ ರೂಪವೊಂದೇ ಉಳಿಯಿತೆಂಬ ಮಾತನ್ನು ಒಪ್ಪಲಾರೆ. ಉಸಿರು, ಮೂಳೆ, ಕಿವಿ, ಕಣ್ಣು, ಸ್ವಭಾವ ಇವು ಪಟ್ಟಣದ ಮನೆಯ ಸೋಫಾದ ಮೇಲೆ ಮಲಗುವ ನಾಯಿಗೂ ಬೇಕು. ಬಿಳಿಯ ಬಣ್ಣದ ಬೆನ್ನಿಗೆ ಕಿವುಡುತನ ಬರುವುದುಂಟು. ಟೆರಿಯರುಗಳಲ್ಲಿ ಕಣ್ಣಿನ ಮಸೂರ ಜಾರಿ ದೃಷ್ಟಿ ಹೋಗುವ ವಂಶಗತ ರೋಗವುಂಟು. ಎರಡನೆಯದಕ್ಕೆ ಈಗ ಜೀನ್ ಪರೀಕ್ಷೆಯೇ ಇದೆ. ಕಿವಿಯ ಮಡಿಕೆಯನ್ನು ನೋಡುವ ಮೊದಲು ತೀರ್ಪುಗಾರನು ಆ ಪತ್ರವನ್ನು ಕೇಳಲಿ.

ಕೈಯಳತೆಯೂ ಇರಲಿ, ಎದೆ ಅರ್ಧ ಅಂಗುಲ ಹಿಗ್ಗಿದ್ದನ್ನು ಕಣ್ಣು ಮನ್ನಿಸೀತು, ಬೆರಳು ಮನ್ನಿಸದು. ಅಮೆರಿಕದ ಆ ಕ್ಲಬ್ಬಿನ ಇನ್ನೊಂದು ನಿಯಮದಂತೆ, ನಡಿಗೆಗೂ ಕೆಲಸಕ್ಕೂ ಅಡ್ಡಿಯಾಗದ ಹಳೆಯ ಗಾಯದ ಕಲೆ ದೋಷವಲ್ಲ. ಈಗ ಆ ಕಲೆ ಬೇಲಿಯ ಮುಳ್ಳಿನಿಂದಲೋ ಪಕ್ಕದ ಮನೆಯ ಬೆಕ್ಕಿನಿಂದಲೋ ಬಂದದ್ದಿರಬಹುದು. ಅದಕ್ಕೂ ಅಂಕ ಕಳೆಯದಿರಲಿ.