ನಮ್ಮೂರ ಸರ್ಕಲ್ಲಿಗೊಂದು ವಿಮಾನ ಬೇಡ

ಊರಿನ ವಾಟ್ಸಾಪ್ ಗುಂಪಿನಲ್ಲಿ ಜಗಳ ಆಗಿ ಹದಿನೈದು ದಿನ ಆಯ್ತು. ಇನ್ನೂ ಒಂದಿಬ್ಬರು ನನ್ನ ಜೊತೆ ಮಾತಾಡ್ತಿಲ್ಲ. ಅಲ್ಲಿ ಎರಡೆರಡು ಸಾಲಿನಲ್ಲಿ ಹೇಳಕ್ಕಾಗದೆ ಹೋದದ್ದನ್ನ ಇಲ್ಲಿ ಬರೆದು ಹಗುರಾಗ್ತೀನಿ, ಸಹಿಸ್ಕೊಳ್ಳಿ.

ವಿಷಯ ಇಷ್ಟು. 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ನಮ್ಮ ವಾಯುಪಡೆ ಮಿಗ್-21ಕ್ಕೆ ಕೊನೆಯ ಸಲಾಮು ಹೊಡೀತಲ್ಲ, ಅದರ ವಿಡಿಯೋ ನೋಡಿದವರೊಬ್ಬರಿಗೆ ಒಂದು ಯೋಚನೆ ಬಂತು. 'ನಮ್ ಹುಣಸೂರಿಗೂ ಒಂದು ತರ್ಸಿ ಸರ್ಕಲ್ಲಲ್ಲಿ ಕಂಬದ ಮೇಲೆ ನಿಲ್ಸದ' ಅಂತ. ಹತ್ತೇ ನಿಮಿಷ. ಪಿರಿಯಾಪಟ್ಟಣದವರು 'ನಿಮಗಾದ್ರೆ ನಮಗೂ ಬೇಕು' ಅಂದರು. ಕೆ.ಆರ್. ನಗರದವರು, ನಮ್ಮ ಊರೇ ಪ್ಲಾನ್ ಹಾಕಿ ಕಟ್ಟಿದ ಊರು, ಸರ್ಕಲ್ಲು ಅಂದರೆ ನಮ್ಮದೇ ಸರ್ಕಲ್ಲು ಅಂದರು. ಎಚ್.ಡಿ. ಕೋಟೆಯವನೊಬ್ಬ 'ನಮಗೆ ಆನೆ ಸಾಕು ಬುಡ್ರಪ್ಪ' ಅಂದ. ಇಡೀ ಚರ್ಚೆಯಲ್ಲಿ ತೂಕದ ಮಾತು ಅದೊಂದೇ.

ನಾನು ಬೇಡ ಅಂದೆ. ಅಷ್ಟಕ್ಕೇ ದೇಶದ್ರೋಹಿ ಆಗೋದೊಂದು ಬಾಕಿ.

ಮೊದಲು ಒಂದು ಮಾತು ಒಪ್ಪಿಕೊಂಡುಬಿಡ್ತೀನಿ. ನನಗೆ ವಿಮಾನದ ಹುಚ್ಚು ಹಿಡಿದದ್ದೇ ನೆಲದ ಮೇಲೆ ನಿಂತ ವಿಮಾನ ನೋಡಿ. ಏಳನೇ ಕ್ಲಾಸಿನ ಟೂರಿನಲ್ಲಿ ಬೆಂಗಳೂರಿನ ವಿಶ್ವೇಶ್ವರಯ್ಯ ಮ್ಯೂಸಿಯಮ್ಮಿಗೆ ಹೋಗಿದ್ದಾಗ ಅಂಗಳದಲ್ಲಿ ಮರುತ್ ನಿಂತಿತ್ತು. ನಮ್ಮ ವಿಜ್ಞಾನದ ಮೇಷ್ಟ್ರು ಎಲ್ಲರನ್ನೂ ಅದರ ಮೂಗಿನ ಕೆಳಗೆ ನಿಲ್ಲಿಸಿ, 'ಇದು ಫಾರಿನ್ನಿಂದ ಬಂದಿದ್ದಲ್ಲ ಕಣ್ರೋ, ಇದೇ ಬೆಂಗಳೂರಲ್ಲಿ ಮಾಡಿದ್ದು' ಅಂದರು. ಜರ್ಮನಿಯ ಕುರ್ಟ್ ಟ್ಯಾಂಕ್ ಬಂದು ನಮ್ಮವರ ಜೊತೆ ಕೂತು ವಿನ್ಯಾಸ ಮಾಡಿದ್ದು, 1961ರ ಜೂನ್ 17ರಂದು ಸುರಂಜನ್ ದಾಸ್ ಅದನ್ನ ಮೊದಲ ಸಲ ಹಾರಿಸಿದ್ದು, ಒಟ್ಟು 147 ಮಾಡಿದ್ದು, ಎಲ್ಲ ಆಮೇಲೆ ಓದಿ ತಿಳಿದದ್ದು. ಅವತ್ತು ತಲೆಯೊಳಗೆ ಕೂತದ್ದು ಮೇಷ್ಟ್ರ ಆ ಒಂದೇ ಮಾತು. ಅವರು ಇಲ್ಲದೆ ಹೋಗಿದ್ದರೆ ನಾನು ಅದರ ಕೆಳಗೆ ನಿಂತು ಪುಳಿಯೋಗರೆ ತಿಂದು ಬರ್ತಿದ್ದೆ ಅಷ್ಟೆ.

ಅದಕ್ಕೇ ಕೇಳೋದು, ಸರ್ಕಲ್ಲಿನ ಕಂಬದ ಮೇಲೆ ಇಟ್ಟರೆ ಆ ಮಾತು ಹೇಳೋರು ಯಾರು?

ಇನ್ನು ಇಟ್ಟದ್ದು ಇಟ್ಟ ಹಾಗೆ ಇರುತ್ತೆ ಅಂತ ಎಲ್ಲರೂ ತಿಳಿದಿರೋ ಹಾಗಿದೆ. ಗಾಂಧೀಜಿ ವಿಗ್ರಹ ಇದ್ದ ಹಾಗೆ, ವರ್ಷಕ್ಕೊಂದು ಸಲ ತೊಳೆದು ಹಾರ ಹಾಕಿದರಾಯ್ತು ಅಂತ. ವಿಮಾನದ ಮೈ ಅಡುಗೆಮನೆ ಪಾತ್ರೆಯ ಅಲ್ಯುಮಿನಿಯಂ ಅಲ್ಲ. ಗಟ್ಟಿ ಬರಲಿ ಅಂತ ಅದಕ್ಕೆ ತಾಮ್ರ ಬೆರೆಸಿರ್ತಾರೆ, ಸಾಮಾನ್ಯವಾಗಿ ನೂರಕ್ಕೆ ನಾಲ್ಕು ಪಾಲಿನಷ್ಟು. ಆ ತಾಮ್ರವೇ ಅದರ ಶಕ್ತಿ, ಅದೇ ಅದರ ರೋಗ. ತೇವ ತಗುಲಿದರೆ ಲೋಹದ ಕಣಗಳ ನಡುವೆ ತುಕ್ಕು ಒಳಗೊಳಗೇ ಹಬ್ಬಿಕೊಂಡು ಹೋಗುತ್ತೆ. ಕಬ್ಬಿಣದ ಹಾಗೆ ಕೆಂಪಾಗಿ ಕಾಣಿಸಿಕೊಳ್ಳೋದೂ ಇಲ್ಲ. ಮೇಲೆ ಬಣ್ಣ ಚೆನ್ನಾಗೇ ಇರುತ್ತೆ, ಒಂದು ದಿನ ಮುಟ್ಟಿದರೆ ಹಪ್ಪಳದ ಥರ ಪದರ ಪದರವಾಗಿ ಎದ್ದು ಬರುತ್ತೆ. ಹೀಗಾಗದಿರಲಿ ಅಂತಲೇ ತಗಡಿನ ಎರಡೂ ಕಡೆ ಶುದ್ಧ ಅಲ್ಯುಮಿನಿಯಂನ ತೆಳ್ಳನೆ ಹೊದಿಕೆ ಕೊಟ್ಟಿರ್ತಾರೆ. ನಮ್ಮ ಜನ ಉದ್ಘಾಟನೆಗೆ ಮುಂಚೆ ಮಾಡೋ ಮೊದಲ ಕೆಲಸ ಏನು ಹೇಳಿ? ಎಮರಿ ಪೇಪರಿನಲ್ಲಿ ಮೈಯೆಲ್ಲ ಉಜ್ಜಿ ಎನಾಮೆಲ್ ಬಳಿಯೋದು! ಚರ್ಮ ಸುಲಿದು ಅಂಗಿ ತೊಡಿಸಿದ ಹಾಗೆ.

ಸ್ಟೀಲ್ ಬೋಲ್ಟಿಗೂ ಅಲ್ಯುಮಿನಿಯಂ ತಗಡಿಗೂ ಮಧ್ಯೆ ನೀರು ನಿಂತರೆ ಅಲ್ಲೊಂದು ಪುಟ್ಟ ಬ್ಯಾಟರಿಯೇ ಶುರುವಾಗುತ್ತೆ, ಸವೆಯೋದು ಅಲ್ಯುಮಿನಿಯಂ. ಹೊಟ್ಟೆ ಕೆಳಗೆ ನೀರು ಸೋರಿ ಹೋಗಲಿ ಅಂತ ಇರೋ ಸಣ್ಣ ತೂತುಗಳನ್ನ ಪೇಂಟಿನವನು ಮುಚ್ಚಿಬಿಟ್ಟಿರ್ತಾನೆ. ಪಾರಿವಾಳ ಗೂಡು ಕಟ್ಟುತ್ತೆ, ಅದರ ಹಿಕ್ಕೆಯಲ್ಲಿ ಆಮ್ಲ. ಬಿಸಿಲಿಗೆ ಕಾಕ್‌ಪಿಟ್ಟಿನ ಗಾಜು (ಗಾಜಲ್ಲ, ಪ್ಲಾಸ್ಟಿಕ್ಕು) ಬಿರುಕು ಬಿಟ್ಟು ಮಂಜಾಗುತ್ತೆ, ಟೈರು ಒಡೆಯುತ್ತೆ. ಕೋಟೆ ಕಡೆಯ ಆಷಾಢದ ಜಡಿಮಳೆ ಕಂಡವರಿಗೆ ಇದನ್ನ ಬಿಡಿಸಿ ಹೇಳಬೇಕಾ? ನಾವು ಹೊಗೆಸೊಪ್ಪನ್ನೇ ಬ್ಯಾರನ್ ಒಳಗೆ ಇಟ್ಟು, ರಾತ್ರಿಯೆಲ್ಲ ಎದ್ದೆದ್ದು ಥರ್ಮಾಮೀಟರ್ ನೋಡೋ ಜನ. ವಿಮಾನ ಅಂದ ತಕ್ಷಣ ಬಯಲಲ್ಲಿ ಬಿಡ್ತೀವಿ.

ಒಂದು ಊರಿನಲ್ಲಿ (ಹೆಸರು ಬೇಡ, ನಮ್ಮ ಜಿಲ್ಲೆ ಅಲ್ಲ) ಇಂಥದ್ದೊಂದನ್ನ ಬಸ್ಸಿಳಿದು ಹತ್ತಿರ ಹೋಗಿ ನೋಡಿದೀನಿ. ರೆಕ್ಕೆಯ ಕೆಳಗೆ ಫ್ಲೆಕ್ಸು ಕಟ್ಟಿದ್ದರು. ಚಕ್ರದ ಗೂಡಿನಲ್ಲಿ ಕಡಲೆಕಾಯಿ ಸಿಪ್ಪೆ. ಯಾವ ವಿಮಾನ, ಯಾವ ಸ್ಕ್ವಾಡ್ರನ್ನಿಂದ ಬಂತು ಅನ್ನೋ ಬೋರ್ಡು ಇಲ್ಲ. ಉದ್ಘಾಟನೆ ಮಾಡಿದವರ ಹೆಸರಿನ ಕಲ್ಲು ಮಾತ್ರ ಫಳಫಳ ಅಂತಿತ್ತು.

ಗುಂಪಿನಲ್ಲಿ ಇಷ್ಟು ಹೇಳಿದ್ದಕ್ಕೆ ಹಿರಿಯರೊಬ್ಬರು, 'ಅಲ್ಲ ಕಣಪ್ಪ, ಹಳೇ ವಿಮಾನ ರಿಪೇರಿ ಮಾಡೋ ವಿದ್ಯೆ ನಮ್ಮೋರ್ಗೆ ಎಲ್ಲದೆ? ಅದೆಲ್ಲ ಇಂಗ್ಲೆಂಡ್ನೋರ ಕೆಲ್ಸ. ನಾವು ಇಡದೇ ದೊಡ್ದು' ಅಂದರು. ನನಗೆ ನಿಜವಾಗಿ ಉರಿದದ್ದು ಇಲ್ಲಿ.

ಅಣ್ಣಂದಿರಾ, 1948ರ ಕಥೆ ಕೇಳಿ. ಎರಡನೇ ಮಹಾಯುದ್ಧ ಮುಗಿದ ಮೇಲೆ ಕಾನ್ಪುರದ ಏರ್‌ಫೀಲ್ಡಿನಲ್ಲಿ ಅಮೆರಿಕದಲ್ಲಿ ತಯಾರಾದ ಬಿ-24 ಲಿಬರೇಟರ್ ಬಾಂಬರುಗಳು ಸಾಲಾಗಿ ಬಿದ್ದಿದ್ದವು. ನಾಲ್ಕು ಎಂಜಿನ್ನಿನ ದೈತ್ಯಗಳು. ಬ್ರಿಟಿಷರು ಬಿಟ್ಟುಹೋಗುವಾಗ ಇವು ಮತ್ತೆ ಹಾರಲೇಬಾರದು ಅಂತ ಬೇಕಂತಲೇ ಕೆಡಿಸಿ ಹೋಗಿದ್ದರು. ಹೊಸ ದೇಶ, ಕಾಶ್ಮೀರದಲ್ಲಿ ಯುದ್ಧ, ಕೈಯಲ್ಲಿ ಭಾರಿ ಬಾಂಬರ್ ಇಲ್ಲ. ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟಿನವರಿಗೆ ಕೇಳಿದರು, ಏನಾದರೂ ಮಾಡಕ್ಕಾಗುತ್ತಾ ಅಂತ. ಅವರು ಗುಜರಿಯಲ್ಲೇ ಒಂದರ ಭಾಗ ಕಿತ್ತು ಇನ್ನೊಂದಕ್ಕೆ ಹಾಕಿ, ಬೆಂಗಳೂರಿನ ತನಕ ಹಾರೋಷ್ಟರ ಮಟ್ಟಿಗೆ ರಿಪೇರಿ ಮಾಡಿದರು. ಕಂಪನಿಯ ಟೆಸ್ಟ್ ಪೈಲಟ್ ಜಮ್ಷೆಡ್ ಮುನ್ಷಿ ಅವುಗಳನ್ನ ಒಂದೊಂದಾಗಿ ಕಾನ್ಪುರದಿಂದ ಬೆಂಗಳೂರಿಗೆ ಹಾರಿಸಿಕೊಂಡು ಬಂದರು. ಇಲ್ಲಿ ಪೂರ್ತಿ ಬಿಚ್ಚಿ ಸರಿಮಾಡಿದ್ದು ನಲವತ್ತರ ಆಸುಪಾಸು. ಅವು ಪ್ರದರ್ಶನಕ್ಕೆ ನಿಂತ ವಿಮಾನಗಳಲ್ಲ, 1968ರ ಕೊನೆಯವರೆಗೆ, ಅಂದರೆ ಇಪ್ಪತ್ತು ವರ್ಷ, ನಮ್ಮ ವಾಯುಪಡೆಯಲ್ಲಿ ಕೆಲಸ ಮಾಡಿದ ವಿಮಾನಗಳು. ಪ್ರಪಂಚದಲ್ಲಿ ಎಲ್ಲರೂ ತಮ್ಮ ಲಿಬರೇಟರುಗಳನ್ನ ಕರಗಿಸಿ ಮುಗಿಸಿದ್ದ ಕಾಲ ಅದು. ಹಾಗಾಗಿ ಇವತ್ತು ಬ್ರಿಟನ್ನಿನ ರಾಯಲ್ ಏರ್ ಫೋರ್ಸ್ ಮ್ಯೂಸಿಯಮ್ಮಿನಲ್ಲಿ, ಅಮೆರಿಕದ ಪೀಮಾ ಮ್ಯೂಸಿಯಮ್ಮಿನಲ್ಲಿ, ಕೆನಡಾದಲ್ಲಿ ನಿಂತಿರೋ ಲಿಬರೇಟರುಗಳೆಲ್ಲ ನಮ್ಮ ವಾಯುಪಡೆಯಿಂದ ಹೋದವು. ಅಮೆರಿಕದ ಕಾಲಿಂಗ್ಸ್ ಫೌಂಡೇಶನ್ನಿನವರ ಕೈ ಸೇರಿದ್ದೂ ಅಂಥದ್ದೇ ಒಂದು. ಅವರು ಸರಿಮಾಡಿ 1989ರಲ್ಲಿ ಹಾರಿಸಿದರು. ಮೈಮೇಲಿನ ಬಣ್ಣ ಮಾತ್ರ ಅಮೆರಿಕದ್ದು, ಮೊದಲು 'ಆಲ್ ಅಮೆರಿಕನ್' ಅಂತ ಹೆಸರು, ಆಮೇಲೆ ಇನ್ನೊಂದು, 2005ರಿಂದ 'ವಿಚ್‌ಕ್ರಾಫ್ಟ್'. ಅದರ ಆಯುಸ್ಸಿನ ಇಪ್ಪತ್ತು ವರ್ಷದ ಭಾರತ ಆ ಬಣ್ಣದ ಅಡಿ ಹೋಯ್ತು. ಅವರನ್ನ ನಾನು ಬೈಯಲ್ಲ. ನಾವೇ ಹೇಳಿಕೊಳ್ಳದೆ ಇದ್ದದ್ದನ್ನ ಅವರು ಯಾಕೆ ಹೇಳಬೇಕು?

ಈಗ ಇನ್ನೊಂದು ಕಡೆ ನೋಡಿ. ವಾಯುಪಡೆಯ ವಿಂಟೇಜ್ ಫ್ಲೈಟಿನ ಟೈಗರ್ ಮಾತ್ ರಿಪೇರಿಯಾಗಿದ್ದು ಇಂಗ್ಲೆಂಡಿನಲ್ಲಿ, 2012ರಲ್ಲಿ ಇಲ್ಲಿ ಮತ್ತೆ ಹಾರಿತು. 'ಪರಶುರಾಮ' ಅನ್ನೋ ಡಕೋಟಾ ಗೊತ್ತಲ್ಲ? ಐರ್ಲೆಂಡಿನಲ್ಲಿ ಗುಜರಿ ಪಾಲಾಗೋದರಲ್ಲಿದ್ದ ಅದನ್ನ ರಾಜೀವ್ ಚಂದ್ರಶೇಖರ್ ಕೊಂಡು, ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಸರಿಮಾಡಿಸಿ ವಾಯುಪಡೆಗೆ ಕೊಟ್ಟರು, 2018ರ ಏಪ್ರಿಲ್ಲಿನಲ್ಲಿ ಹಾರಿಕೊಂಡೇ ಜಾಮ್‌ನಗರಕ್ಕೆ ಬಂತು. ಅವರ ತಂದೆ ಡಕೋಟಾ ಪೈಲಟ್. ಕೊಟ್ಟದ್ದು ದೊಡ್ಡ ಕೆಲಸ, ಎರಡು ಮಾತಿಲ್ಲ. ಆದರೆ 1948ರಲ್ಲಿ ಗುಜರಿ ಬಾಂಬರುಗಳನ್ನ ಎಬ್ಬಿಸಿ ನಿಲ್ಲಿಸಿದ ದೇಶ, ಬಟ್ಟೆ ಹೊದಿಸಿದ ರೆಕ್ಕೆಯ ಟೈಗರ್ ಮಾತ್ ರಿಪೇರಿಗೆ ಇಂಗ್ಲೆಂಡಿಗೆ ಹೋಗಬೇಕಾಯ್ತಲ್ಲ, ಇದು ನನ್ನ ನಿದ್ದೆ ಕೆಡಿಸೋ ವಿಷಯ. ಮಿಗ್ ನಮ್ಮೂರಿಗೆ ಬರಲಿಲ್ಲ ಅನ್ನೋದಲ್ಲ.

ಆ ಕಂಪನಿ ಯಾರ ದುಡ್ಡಿಂದ ಹುಟ್ಟಿತು ಅನ್ನೋದೂ ನೆನಪಿರಲಿ. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದ್ ಶುರು ಮಾಡಿದಾಗ ಮೈಸೂರು ಸಂಸ್ಥಾನ ಜಮೀನೂ ಕೊಟ್ಟಿತು, ಬಂಡವಾಳವನ್ನೂ ಹಾಕಿತು. ಸಂಸ್ಥಾನದ ಬೊಕ್ಕಸ ಅಂದರೆ ಹುಣಸೂರು, ಎಡತೊರೆ, ಹೆಗ್ಗಡದೇವನಕೋಟೆಯ ರೈತರ ಕಂದಾಯವೂ ಅದರಲ್ಲಿ ಸೇರಿದ್ದೇ ತಾನೆ. ಆ ಲೆಕ್ಕದಲ್ಲಿ ನಾವು ಹಳೇ ಪಾಲುದಾರರು.

ವಿದ್ಯೆ ಹೇಗೆ ಹೋಗುತ್ತೆ ಅನ್ನೋದಕ್ಕೆ ದೂರ ಹೋಗಬೇಕಿಲ್ಲ. ಹುಣಸೂರಿನಲ್ಲಿ ಒಂದು ಕಾಲಕ್ಕೆ ಸೈನ್ಯಕ್ಕೆ ಬೇಕಾದ ಚರ್ಮದ ಸಾಮಾನು, ಕಂಬಳಿ ಮಾಡೋ ಸರ್ಕಾರಿ ಕಾರ್ಖಾನೆಗಳಿದ್ದವು. 1864ರಲ್ಲಿ ಮುಚ್ಚಿದರು. ಮುಚ್ಚಿದ ಮೇಲೂ ಅಲ್ಲಿ ಕಲಿತವರು ಒಳ್ಳೇ ಚರ್ಮ, ಕಂಬಳಿ ಮಾಡ್ತಿದ್ದರು ಅಂತ ಹಳೇ ಗೆಜೆಟಿಯರು ಹೇಳುತ್ತೆ. ನಾನು ಹುಟ್ಟಿ ಬೆಳೆದ ಊರು. ಇದನ್ನ ನನಗೆ ಯಾರೂ ಹೇಳಿರಲಿಲ್ಲ, ಬೆಂಗಳೂರಿನ ಪಿ.ಜಿ.ಯಲ್ಲಿ ಕೂತು ಸ್ಕ್ಯಾನ್ ಕಾಪಿಯಲ್ಲಿ ಓದಬೇಕಾಯ್ತು. (ನಮ್ಮ ಸಾಫ್ಟ್‌ವೇರಿನಲ್ಲೂ ಇದೇ ಪಾಡು. ಬರೆದವನು ಕೆಲಸ ಬಿಟ್ಟು ಹೋಗಿರ್ತಾನೆ, ಪ್ರೋಗ್ರಾಮ್ ಓಡ್ತಾ ಇರುತ್ತೆ, ಮುಟ್ಟಕ್ಕೆ ಎಲ್ಲರಿಗೂ ಭಯ.)

ಕಳೆದ ಯುಗಾದಿಗೆ ಪಿರಿಯಾಪಟ್ಟಣದ ಹತ್ತಿರದ ಹಳ್ಳಿಯಲ್ಲಿ ನಮ್ಮ ದೊಡ್ಡಪ್ಪನ ಬೀಗರ ಮನೆಗೆ ಹೋಗಿದ್ದೆ. ಎಂಬತ್ತರ ಹತ್ತಿರ ವಯಸ್ಸು. ಬೆಂಗಳೂರಿನಲ್ಲಿ ಮರುತ್ ತಯಾರಾಗ್ತಿದ್ದ ಕಾಲಕ್ಕೆ ರಿವೆಟ್ ಹೊಡೆಯೋ ಕೆಲಸಕ್ಕೆ ಸೇರಿದವರು. ಈಗ ಎರಡೂವರೆ ಎಕರೆ ಹೊಗೆಸೊಪ್ಪು. ಬ್ಯಾರನ್ ಬಾಗಿಲು ಗಾಳಿಗೆ ಹೊಡ್ಕೊಳ್ಳದ ಹಾಗೆ ಒಂದು ಉಕ್ಕಿನ ಗಟ್ಟಿ ಇಟ್ಟಿದ್ದರು, ಕೈಯಲ್ಲಿ ಹಿಡಿಯಕ್ಕೆ ಸರಿಯಾಗಿ ನಯವಾಗಿ ಸವೆದದ್ದು. ಏನಿದು ತಾತ ಅಂದೆ. 'ಡಾಲಿ ಕಣಪ್ಪ' ಅಂದರು. ಒಬ್ಬ ಹೊರಗಿನಿಂದ ಗನ್ನಿನಲ್ಲಿ ಹೊಡೀತಿದ್ದರೆ ಇನ್ನೊಬ್ಬ ಒಳಗೆ ಮುದುರಿ ಕೂತು ಇದನ್ನ ರಿವೆಟ್ಟಿನ ಬಾಲಕ್ಕೆ ಒತ್ತಿ ಹಿಡೀಬೇಕಂತೆ. ಒಬ್ಬರ ಮುಖ ಒಬ್ಬರಿಗೆ ಕಾಣಲ್ಲ. 'ಸದ್ದಲ್ಲೇ ಗೊತ್ತಾಗದು. ಸರ್ಯಾಗಿ ಕೂತ್ರೆ ಒಂದ್ ಥರ, ತಗಡ್ ನಡ್ವೆ ಸಂದಿ ಉಳದ್ರೆ ಒಂದ್ ಥರ' ಅಂತ ಹೇಳಿ, ಆ ಎರಡೂ ಸದ್ದನ್ನ ಬಾಯಲ್ಲೇ ಮಾಡಿ ತೋರಿಸಿದರು. ನನಗೆ ಎರಡೂ ಒಂದೇ ಥರ ಕೇಳಿಸ್ತು. ಮತ್ತೆ ಮಾಡಿದರು. ಮೂರನೇ ಸಲಕ್ಕೆ ವ್ಯತ್ಯಾಸ ತಿಳೀತು. ಫೋನು ಜೇಬಲ್ಲೇ ಇತ್ತು, ರೆಕಾರ್ಡ್ ಮಾಡಬೇಕು ಅಂತ ಹೊಳೆಯಲಿಲ್ಲ, ಎಂಥಾ ದಡ್ಡ.

ಮರುತ್ ಒಂದು ಜರ್ಮನಿಯಲ್ಲೂ ಇದೆ, ಮ್ಯೂನಿಕ್ ಹತ್ತಿರದ ಶ್ಲೈಸ್‌ಹೈಮಿನಲ್ಲಿ, ಡಾಯ್ಚೆಸ್ ಮ್ಯೂಸಿಯಮ್ಮಿನವರು ಇಟ್ಟಿದ್ದಾರೆ. ಆದರೆ ಆ ಸದ್ದು ಗೊತ್ತಿರೋರು ಅಲ್ಲಿಲ್ಲ. ಇಲ್ಲೇ ಹೊಗೆಸೊಪ್ಪು ಹದ ಮಾಡ್ಕೊಂಡು ಕೂತಿದ್ದಾರೆ.

ಗುಂಪಿನಲ್ಲಿ ನಾನು ಹೇಳಿದ್ದು ಇದನ್ನೇ. ಕಂಬ, ಕ್ರೇನು, ಲಾರಿ ಬಾಡಿಗೆ, ಉದ್ಘಾಟನೆಯ ಶಾಮಿಯಾನಕ್ಕೆ ಚಂದಾ ಎತ್ತೋದಾದರೆ, ಅದೇ ದುಡ್ಡಲ್ಲಿ ನಾಲ್ಕೂ ತಾಲ್ಲೂಕಿನ ಸರ್ಕಾರಿ ಶಾಲೆ ಮಕ್ಕಳನ್ನ ಬಸ್ಸು ಮಾಡಿ ಬೆಂಗಳೂರಿನ ಎಚ್.ಎ.ಎಲ್. ಹೆರಿಟೇಜ್ ಸೆಂಟರಿಗೆ ಕರ್ಕೊಂಡು ಹೋಗೋಣ. 2001ರಿಂದ ಇದೆ, ಮರುತ್, ಕಿರಣ್ ಎಲ್ಲ ಅಲ್ಲಿವೆ. ಜೊತೆಗೆ ಈ ತಾತನಂಥ ಒಬ್ಬರನ್ನೂ ಬಸ್ಸಿನ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೋಗೋಣ ಅಂತ. ವಿಮಾನ ತರಲೇಬೇಕು ಅಂದರೆ ಮೊದಲು ಸೂರು ಕಟ್ಟಿ, ಲಾಗ್‌ಬುಕ್ ಕೇಳಿ, ವರ್ಷಕ್ಕೆ ಎರಡು ಸಲ ಮೈ ತಡವಿ ನೋಡೋ ಒಬ್ಬನಿಗೆ ಸಂಬಳ ಎತ್ತಿಡಿ, ಆಮೇಲೆ ಚಪ್ಪಾಳೆ ನಾನೂ ತಟ್ತೀನಿ.

ಓಟಿಗೆ ಹಾಕಿದರು. ಕಂಬಕ್ಕೆ ಮೂವತ್ತೊಂದು, ನನ್ನ ಕಡೆಗೆ ನಾಲ್ಕು. ಅದರಲ್ಲಿ ಒಂದು ಆ ಆನೆಯವನದು.

ನಿನ್ನೆ ಅರ್ಜಿ ತಯಾರಾಯ್ತಂತೆ. ಇಂಗ್ಲಿಷ್ ಸ್ವಲ್ಪ ತಿದ್ದಿಕೊಡು ಮಗಾ ಅಂತ ನನಗೇ ಕಳಿಸಿದ್ದಾರೆ. ಫೈಲು ಇನ್ನೂ ತೆರೆದಿಲ್ಲ. ಈ ಭಾನುವಾರ ಪಿರಿಯಾಪಟ್ಟಣಕ್ಕೆ ಹೊರಟಿದೀನಿ, ಫೋನಿನ ಚಾರ್ಜು ನೋಡ್ಕೊಂಡು. ನಿಮ್ಮ ಮನೆಯಲ್ಲೂ ಎಚ್.ಎ.ಎಲ್.ನಲ್ಲಿ ದುಡಿದ ತಾತನೋ ದೊಡ್ಡಪ್ಪನೋ ಇದ್ದರೆ, ಮಂಚದ ಕೆಳಗಿನ ಟ್ರಂಕಿನಲ್ಲಿ ಏನಿದೆ ನೋಡಿ ಒಂದು ಸಾಲು ಬರೀರಿ.