ಯಶಸ್ಸನ್ನು ಅಳೆಯುವವರು ಯಾರು?

ಮಧುಮೇಹಿಗಳ ಅಕ್ಷಿಪಟಲದ ಹಾನಿಯನ್ನು ಚಿತ್ರ ನೋಡಿಯೇ ಗುರುತಿಸುವ ಗೂಗಲ್‌ನ ಕೃತಕ ಬುದ್ಧಿಮತ್ತೆ ವ್ಯವಸ್ಥೆ 2016ರಲ್ಲಿ ನೇತ್ರತಜ್ಞರನ್ನು ಸರಿಗಟ್ಟುವ ನಿಖರತೆ ತೋರಿತು. ಅದರ ತರಬೇತಿಗೆ ಬೆಂಗಳೂರಿನ ನಾರಾಯಣ ನೇತ್ರಾಲಯದ ಚಿತ್ರಗಳೂ ಬಳಕೆಯಾಗಿದ್ದವು. ಎಂಜಿನಿಯರುಗಳ ಮಟ್ಟಿಗೆ ಆ ನಿಖರತೆಯೇ ಯಶಸ್ಸು. ಸರ್ಕಾರಗಳಿಗೆ ತಪಾಸಣೆಯಾದವರ ಸಂಖ್ಯೆ.

ಈ ವ್ಯವಸ್ಥೆಯನ್ನು ಬಳಸಿದ ಥಾಯ್ಲೆಂಡಿನ 11 ಕ್ಲಿನಿಕ್‌ಗಳಲ್ಲಿ ನರ್ಸ್‌ಗಳು ಕಂಡದ್ದು ಬೇರೆ. ತಜ್ಞರ ವರದಿಗೆ ವಾರಗಟ್ಟಲೆ ಕಾಯುತ್ತಿದ್ದವರಿಗೆ ನಿಮಿಷಗಳಲ್ಲಿ ಫಲಿತಾಂಶ ಸಿಕ್ಕಿತು, ನಿಜ. ಆದರೆ ಕತ್ತಲು ಮಾಡಲಾಗದ ಕೋಣೆಗಳಲ್ಲಿ ತೆಗೆದ ಚಿತ್ರಗಳು ಮಸುಕಾಗುತ್ತಿದ್ದವು. ಮೊದಲ ಆರು ತಿಂಗಳ 1,838 ಚಿತ್ರಗಳಲ್ಲಿ ಶೇ 21ರಷ್ಟನ್ನು ಯಂತ್ರ ಒಪ್ಪಲಿಲ್ಲ. ಇಂಟರ್ನೆಟ್ ನಿಧಾನವಾದಾಗ ಸರತಿ ಸಾಲು ಬೆಳೆಯಿತು. ಚಿತ್ರ ತಿರಸ್ಕೃತವಾದವರು ಇನ್ನೊಂದು ದಿನ ಬೇರೆ ಆಸ್ಪತ್ರೆಗೆ ಹೋಗಬೇಕಿತ್ತು. ದಿನದ ದುಡಿಮೆ ಬಿಟ್ಟು ಬಂದ ರೋಗಿಗೆ ಪ್ರಯೋಗಾಲಯದ ಶೇಕಡಾವಾರು ಏನು ಹೇಳೀತು?

ಈ ಕೊರತೆಗಳನ್ನು ಗೂಗಲ್‌ನ ಸಂಶೋಧಕರೇ 2020ರಲ್ಲಿ ಬಹಿರಂಗವಾಗಿ ದಾಖಲಿಸಿದರು. ಅದು ಮೆಚ್ಚಬೇಕಾದ ಪ್ರಾಮಾಣಿಕತೆ. ನಮ್ಮ ಸರ್ಕಾರಗಳು ಇಂಥ ವ್ಯವಸ್ಥೆ ಕೊಳ್ಳುವ ಮೊದಲು ತಾಲ್ಲೂಕು ಆಸ್ಪತ್ರೆಯ ನರ್ಸ್ ಮತ್ತು ರೋಗಿಯ ಮಾತನ್ನು ಕೇಳಲಿ, ಅದನ್ನು ಟೆಂಡರ್ ಷರತ್ತುಗಳಲ್ಲೇ ಬರೆಯಲಿ.