ಕ್ಯಾಂಪಾ ಕೋಲಾ ಅಂಗಳದ ಪಾಠ ನಮಗೆ ಬೇಡವೆ?

ನಮ್ಮ ಕಳಮನಾದ ಆಚೆ ನಿವೇಶನ ಕೊಳ್ಳಲು ಹೊರಟ ಕನ್ನಡ ಬಂಧುಗಳೊಬ್ಬರನ್ನು "ನಕ್ಷೆಗೆ ಮಂಜೂರಾತಿ ಇದೆಯೆ?" ಎಂದು ಕೇಳಿದೆ. "ಅದೇನು ಮಹಾ! ಆಮೇಲೆ ದಂಡ ಕಟ್ಟಿದರೆ ಸಕ್ರಮವಾಗುತ್ತದೆ. ಗುಂಠೇವಾರಿ ಕಾಯಿದೆ ಇಲ್ಲವೆ?" ಎಂದರು. ಇಂಥ ಧೈರ್ಯಶಾಲಿಗಳಿಗೆ ಮುಂಬಯಿಯ ಒಂದು ಹಳೆಯ ತಂಪುಪಾನೀಯ ಕಾರ್ಖಾನೆಯ ಕಥೆ ಹೇಳಲೇಬೇಕು.

1955ರಲ್ಲಿ ಮುಂಬಯಿ ನಗರಪಾಲಿಕೆ ವರಳಿಯಲ್ಲಿನ ತನ್ನ ಜಮೀನನ್ನು ಪ್ಯೂರ್ ಡ್ರಿಂಕ್ಸ್ ಕಂಪನಿಗೆ ಗುತ್ತಿಗೆಗೆ ಕೊಟ್ಟಿತು. ಕೋಕಾ ಕೋಲಾವನ್ನು ಬಾಟಲಿಗೆ ತುಂಬುತ್ತಿದ್ದ ಕಂಪನಿ ಅದು. 1977ರಲ್ಲಿ, ನಮ್ಮ ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ಕೈಗಾರಿಕಾ ಮಂತ್ರಿಗಳಾಗಿದ್ದಾಗ, ಕೋಕಾ ಕೋಲಾ ದೇಶ ಬಿಟ್ಟಿತು. ಇವರು ಕ್ಯಾಂಪಾ ಕೋಲಾ ತಂದರು. (ಮೈಸೂರಿನ ಸಿ.ಎಫ್.ಟಿ.ಆರ್.ಐ. ಕೊಟ್ಟ ಸೂತ್ರದಿಂದ ಸರ್ಕಾರವೂ 'ಡಬಲ್ ಸೆವೆನ್' ಮಾಡಿ ಕೈಸುಟ್ಟುಕೊಂಡಿತು, ಆ ಮಾತು ಬೇರೆ.) 1980ರಲ್ಲಿ ಕಾರ್ಖಾನೆಯ ಅದೇ ನೆಲದಲ್ಲಿ ವಸತಿ ಕಟ್ಟಲು ಅನುಮತಿ ದೊರೆಯಿತು. ಒಪ್ಪಿದ್ದು ಐದು ಮಹಡಿ. ಎದ್ದ ಏಳು ಕಟ್ಟಡಗಳಲ್ಲಿ ಒಂದಕ್ಕೆ ಇಪ್ಪತ್ತು, ಇನ್ನೊಂದಕ್ಕೆ ಹದಿನೇಳು! 1984ರಲ್ಲಿ ಕೆಲಸ ನಿಲ್ಲಿಸುವಂತೆ ನೋಟೀಸು ಬಂತು. ಕೆಲಸ ಮಾತ್ರ 1989ರವರೆಗೆ ನಡೆಯಿತು.

ಪಾಲಿಕೆ ಸುಮ್ಮನಿತ್ತಲ್ಲ, ಕೊಂಡವರ ತಪ್ಪೇನು ಎಂದು ವಾದಿಸುವವರಿದ್ದಾರೆ. ಇಪ್ಪತ್ತು ವರ್ಷ ಕಡತಗಳ ನಡುವೆ ಬೆವರಿದ ಗುಮಾಸ್ತ ನಾನು, ಹೇಳುತ್ತೇನೆ ಕೇಳಿ: ಅಧಿಕಾರಿ ಕಣ್ಣು ಮುಚ್ಚಿದನೆಂದರೆ ರುಜು ಹಾಕಿದನೆಂದಲ್ಲ. ಅವನಿಗೆ ವರ್ಗವಾಗುತ್ತದೆ, ಪೆನ್ಷನ್ ಬರುತ್ತದೆ. ಬಿಲ್ಡರ್ ಹಣ ಎಣಿಸಿಕೊಂಡು ನಡೆಯುತ್ತಾನೆ. ಕೊನೆಗೆ ಉಳಿಯುವವನು ಮನೆ ಕೊಂಡವನು. ಪಾಲಿಕೆಯ ನಲ್ಲಿಗಾಗಿಯೇ ಕೋರ್ಟಿಗೆ ಹೋಗಬೇಕಾದ ಮನೆಯಲ್ಲಿ ಏನೋ ಕೊರತೆಯಿದೆ ಎಂಬುದು ಮೊದಲೇ ಹೊಳೆಯಬೇಡವೆ?

2013ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಅಕ್ರಮ ಮಹಡಿಗಳ ವಿರುದ್ಧ ತೀರ್ಪಿತ್ತಿತು. ನವೆಂಬರಿನಲ್ಲಿ ಬುಲ್‌ಡೋಜರ್ ಗೇಟು ಮುರಿದು ಒಳನುಗ್ಗಿತು. ಕೋರ್ಟೇ 2014ರ ಮೇ 31ರವರೆಗೆ ಸಮಯ ಕೊಟ್ಟಿತು. ಜೂನಿನಲ್ಲಿ ನೀರು, ವಿದ್ಯುತ್ತು, ಗ್ಯಾಸು ಕಡಿತ. ಇಪ್ಪತ್ತೈದು ವರ್ಷ ಸಂಸಾರ ಮಾಡಿದ ಮುದುಕರು ಬೀದಿಯಲ್ಲಿ ಕುಳಿತಿದ್ದನ್ನು ಟಿ.ವಿ.ಯಲ್ಲಿ ನೋಡಿ ಮರುಗಿದವರು ನಾವೇ ಅಲ್ಲವೆ?

ಇನ್ನು ಗುಂಠೇವಾರಿ. 2001ರ ಆ ಕಾಯಿದೆಗೆ 2021ರಲ್ಲಿ ತಿದ್ದುಪಡಿಯಾಗಿ 2020ರ ಡಿಸೆಂಬರ್ 31ರವರೆಗಿನವುಗಳಿಗೆ ಅವಕಾಶ ಸಿಕ್ಕಿತು. ಇಂದು ಬೇಲಿ ಹಾಕಿ ಮಾರುವ ಹೊಸ ತುಂಡುಗಳಿಗೆ ಅದು ಹೇಗೆ ಆಸರೆಯಾದೀತು? ಸಾತ್-ಬಾರಾ ಉತಾರೆ, ಮಂಜೂರಾದ ನಕ್ಷೆ, ಆರ್.ಎಲ್. ಪತ್ರ, ಇವನ್ನು ಕೇಳಲು ಸಂಕೋಚವೇಕೆ? ಊರಲ್ಲಿ ತೆಂಗಿನಕಾಯಿ ಕೊಳ್ಳುವಾಗಲೂ ಅಲ್ಲಾಡಿಸಿ ನೋಡುವ ಜನ ನಾವು!

ಆ ಬಂಧುಗಳು ಮುಂಗಡ ಕೊಟ್ಟೂ ಆಗಿದೆಯಂತೆ. ಕಾಗದಗಳು ಮರಾಠಿಯಲ್ಲಿದ್ದು ತಿಳಿಯದಿದ್ದರೆ ಭಾನುವಾರ ಬೆಳಿಗ್ಗೆ ನಮ್ಮ ಮನೆಗೆ ತರಲಿ, ಓದಿ ಹೇಳುತ್ತೇನೆ.